ಆರನೇ ಉಪನಿಯಮದಲ್ಲಿ ಬರೆಯದೆ ಉಳಿದ ಸಾಲು

ವಿಶೇಷ ಶಿಕ್ಷಣದ ಕಾನೂನಿನ ಚರಿತ್ರೆ ಬರೆಯಹೊರಟವರು ಯಾರೇ ಆಗಲಿ, ಮೂವತ್ತೆಂಟು ವರ್ಷಗಳ ಸೇವೆ ಮುಗಿಸಿ ಕಳೆದ ವರ್ಷ ಶಿಕ್ಷಣ ಇಲಾಖೆಯಿಂದ ನಿವೃತ್ತರಾದ ಟೇಪು ಮೇಡಂ ಅವರ ಮೇಜಿನ ಬಳಿ ಒಂದು ಗಳಿಗೆ ನಿಲ್ಲದೆ ಮುಂದೆ ಹೋಗುವಂತಿಲ್ಲ. ಇಲಾಖೆಯ ಕಡತಗಳಲ್ಲಿ ಅವರಿಗೆ ಉದ್ದನೆಯ ಪದನಾಮವೊಂದಿತ್ತು. ಅದು ಯಾರ ಬಾಯಲ್ಲೂ ನಿಲ್ಲಲಿಲ್ಲ. ಕೈಚೀಲದಲ್ಲಿ ಸದಾ ಒಂದು ಅಳತೆ ಟೇಪು ಇಟ್ಟುಕೊಂಡು, ಯಾವ ಶಾಲೆಗೆ ಹೋದರೂ ಮೊದಲು ಬಾಗಿಲಿನ ಅಗಲ, ಆಮೇಲೆ ಗಾಲಿಕುರ್ಚಿಯ ಇಳಿಜಾರಿನ ಉದ್ದ, ಕೊನೆಗೆ ಶೌಚಾಲಯದ ಹೊಸ್ತಿಲಿನ ಎತ್ತರ ಅಳೆದು, ಅಷ್ಟಾದ ಮೇಲೆಯೇ ಮುಖ್ಯೋಪಾಧ್ಯಾಯರು ತರಿಸಿಟ್ಟ ಚಹಾ ಮುಟ್ಟುತ್ತಿದ್ದರಾದ್ದರಿಂದ ಅವರಿಗೆ ಈ ಹೆಸರು ಬಂತು. ಚಹಾ ಅಷ್ಟು ಹೊತ್ತಿಗೆ ಆರಿಹೋಗಿರುತ್ತಿತ್ತು. ಆರಿದ ಚಹಾ ಕುಡಿಯುವುದೇ ತಮ್ಮ ಹುದ್ದೆಯ ಮುಖ್ಯ ಅರ್ಹತೆ ಎಂದು ಅವರೇ ನಗಾಡುತ್ತಿದ್ದರು.

ಈ ಅಭಿನಂದನ ಗ್ರಂಥದ ಸಂಪಾದಕ ಮಂಡಳಿಯವರು ಕಾನೂನು ಶಾಖೆಯಲ್ಲಿ ಕೆಲಸ ಮಾಡುವ ಈ ಲೇಖಕನಿಗೆ ವಹಿಸಿದ ವಿಷಯ, ಸಮಾನ ಪ್ರವೇಶ ಕಾಯ್ದೆಯ ಆರನೇ ಉಪನಿಯಮಕ್ಕೆ ಮೇಡಂ ಅವರ ಕೊಡುಗೆ. ವಿಷಯವೇನೋ ಘನವಾದದ್ದೇ. ಆದರೆ ಆ ಉಪನಿಯಮಕ್ಕಾಗಿ ಅವರನ್ನು ಹೊಗಳುವುದೆಂದರೆ, ಮೆಟ್ಟಿಲಿನ ಮೇಲೆ ಜಾರಿ ಬಿದ್ದವರನ್ನು ಎಷ್ಟು ಚೆನ್ನಾಗಿ ಕುಣಿದಿರಿ ಎಂದು ಹೊಗಳಿದಂತೆ. ಅದನ್ನು ಬರೆದವರು ಅವರೇ, ನಿಜ. ಬರೆದ ನಾಲ್ಕು ವರ್ಷಕ್ಕೇ ಅದರಲ್ಲೊಂದು ಸಾಲು ಬಿಟ್ಟುಹೋಗಿದೆ ಎಂದು ಕಂಡುಕೊಂಡು, ಆ ಸಾಲನ್ನು ಸೇರಿಸಲು ಇಪ್ಪತ್ತೈದು ವರ್ಷ ಚಪ್ಪಲಿ ಸವೆಸಿ, ಸೋತು ಮನೆಗೆ ಹೋದವರೂ ಅವರೇ. ಅವರನ್ನು ಸೋಲಿಸಿದವರ ಸಾಲಿನಲ್ಲಿ ಈ ಲೇಖಕನೂ ನಿಂತಿದ್ದಾನೆ ಎಂಬುದನ್ನು ಮೊದಲೇ ಹೇಳಿಬಿಡುವುದು ಲೇಸು.

ಹಿಂದಿನದು ತಿಳಿಯದವರಿಗಾಗಿ ಎರಡು ಮಾತು. ನಮ್ಮ ಮೊದಲ ಕಡ್ಡಾಯ ಶಿಕ್ಷಣ ಕಾಯ್ದೆ ‘ಪ್ರತಿಯೊಂದು ಮಗುವೂ ಶಾಲೆಗೆ ಹೋಗತಕ್ಕದ್ದು’ ಎಂದು ಎದೆ ತಟ್ಟಿ ಹೇಳಿ, ಎರಡು ಪುಟ ದಾಟುವಷ್ಟರಲ್ಲಿ ‘ದೇಹದ ಅಥವಾ ಬುದ್ಧಿಯ ನ್ಯೂನತೆಯಿಂದ ಬೋಧನೆಯ ಪ್ರಯೋಜನ ಪಡೆಯಲಾರದ ಮಕ್ಕಳ ಹೊರತು’ ಎಂದು ದನಿ ತಗ್ಗಿಸಿತ್ತು. ಪಡೆಯಲಾರದು ಎಂದು ತೀರ್ಮಾನಿಸಲು ಒಬ್ಬ ವೈದ್ಯರ ಅರ್ಧ ಹಾಳೆಯ ಪ್ರಮಾಣಪತ್ರ ಸಾಕಾಗಿತ್ತು. ಕಣ್ಣು ಕಾಣದ, ಕಿವಿ ಕೇಳದ, ನಡೆಯಲಾರದ, ನಿಧಾನವಾಗಿ ಕಲಿಯುವ ಮಕ್ಕಳೆಲ್ಲ ಆ ಅರ್ಧ ಹಾಳೆ ಹಿಡಿದು ಮನೆಗೆ ಮರಳಿದರು. ಮುಂದೆ ವಿಶೇಷ ಶಾಲೆಗಳ ಕಾಲ ಬಂತು. ದೊಡ್ಡ ಊರುಗಳಲ್ಲಿ ನಾಲ್ಕೈದು ಕಟ್ಟಡಗಳು ಎದ್ದವು. ಐದು ವರ್ಷದ ಕೂಸನ್ನು ಹಾಸ್ಟೆಲಿನಲ್ಲಿ ಬಿಟ್ಟು ತಿರುಗಿ ನೋಡದೆ ಬರುವಷ್ಟು ಗಟ್ಟಿ ಮನಸ್ಸಿದ್ದ ತಂದೆತಾಯಿಯ ಮಕ್ಕಳು ಅಲ್ಲಿ ಕಲಿತರು. ಮೂರನೆಯದು ಸಮಾನ ಪ್ರವೇಶ ಕಾಯ್ದೆ. ಮನೆಗೆ ಹತ್ತಿರದ ಶಾಲೆಯೇ ಪ್ರತಿ ಮಗುವಿನ ಶಾಲೆ, ಯಾವ ಕಾರಣಕ್ಕೂ ಬಾಗಿಲು ಹಾಕುವಂತಿಲ್ಲ ಎಂದು ಹೇಳಿದ ಕಾಯ್ದೆ ಅದು. ಹಳೆಯ ‘ಹೊರತು’ ಎಂಬುದನ್ನು ಅಲ್ಲಿಂದ ಕಿತ್ತುಹಾಕಿಸಲು ಹಟ ಹಿಡಿದು ಕೂತವರಲ್ಲಿ ಟೇಪು ಮೇಡಂ ಮೊದಲಿಗರು.

ಆಗ ಅವರಿನ್ನೂ ಟೇಪು ಮೇಡಂ ಆಗಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ನಾಲ್ಕು ಕೋಣೆಯ ಪ್ರಾಥಮಿಕ ಶಾಲೆಯಲ್ಲಿ ಎರಡನೇ ತರಗತಿಯ ಶಿಕ್ಷಕಿಯಾಗಿದ್ದರು. ಶಾಲೆಗೆ ಏಳು ಮೆಟ್ಟಿಲು. ಆ ದಾರಿಯ ಬಸ್ಸಿನ ಕಂಡಕ್ಟರೊಬ್ಬರ ಮಗಳಿಗೆ ಎಲುಬು ಬಲು ಮೆತ್ತಗೆ; ಕೆಮ್ಮಿದರೆ ಪಕ್ಕೆಲುಬು, ಎಡವಿದರೆ ತೊಡೆಯೆಲುಬು ಮುರಿಯುತ್ತಿತ್ತು. ಕಂಡಕ್ಟರು ಪ್ರತಿ ಬೆಳಿಗ್ಗೆ ಬಸ್ಸನ್ನು ಶಾಲೆಯ ಮುಂದೆ ಎರಡು ನಿಮಿಷ ನಿಲ್ಲಿಸಿ, ಮಗಳನ್ನು ಎತ್ತಿಕೊಂಡು ಏಳು ಮೆಟ್ಟಿಲು ಹತ್ತಿ, ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂರಿಸಿ ಓಡುತ್ತಿದ್ದರು. ಮೊದಮೊದಲು ಪ್ರಯಾಣಿಕರು ಹಿಡಿಶಾಪ ಹಾಕಿದರು. ತಿಂಗಳು ಕಳೆಯುವಷ್ಟರಲ್ಲಿ ಅವರಲ್ಲೇ ಯಾರಾದರೊಬ್ಬರು ಅವಳ ಚೀಲ ಹಿಡಿದು ಹಿಂದೆ ಬರುವಂತಾಯಿತು. ಎಲುಬು ಮುರಿದಾಗಲೆಲ್ಲ ಅವಳಿಗೆ ಎರಡು ಮೂರು ತಿಂಗಳು ಮಂಚವೇ ಗತಿ. ಮೂವತ್ತು ದಿನ ಸತತ ಗೈರುಹಾಜರಾದರೆ ಹೆಸರು ಹೊಡೆದುಹಾಕಬೇಕೆಂದು ಅಂದಿನ ನಿಯಮ. ಐದು ಸಲ ಅವಳ ಹೆಸರು ಹೊಡೆಯಲಾಯಿತು. ಐದು ಸಲವೂ ಶಿಕ್ಷಕಿಯೇ ಅರ್ಜಿ ಬರೆದು, ಮುಖ್ಯೋಪಾಧ್ಯಾಯರ ಗೊಣಗಾಟ ಕಿವಿಗೆ ಹಾಕಿಕೊಳ್ಳದೆ ಮತ್ತೆ ಸೇರಿಸಿದರು. ಸೇರಿಸಿದ್ದಷ್ಟೇ ಅಲ್ಲ, ಶಾಲೆ ಬಿಟ್ಟ ಮೇಲೆ ಮೂರು ಮಹಡಿ ಹತ್ತಿ ಅವಳ ಮಂಚದ ಪಕ್ಕ ಕೂತು ಗುಣಾಕಾರ ಹೇಳಿಕೊಟ್ಟರು. ‘ಮಿಸ್, ನೀವು ಬಂದ್ರೆ ಕಾಲು ನೋವು ಹೋಗುತ್ತೆ, ಲೆಕ್ಕದ ನೋವು ಬರುತ್ತೆ’ ಎಂದು ಹುಡುಗಿ ಹೇಳಿದ್ದನ್ನು ಮೇಡಂ ಇಂದಿಗೂ ಹೇಳಿಕೊಂಡು ನಗುತ್ತಾರೆ.

ಹೊಸ ಕಾಯ್ದೆಯ ನಿಯಮಗಳನ್ನು ರಚಿಸಲು ಹದಿನೇಳು ಜನರ ಸಮಿತಿ ಕೂತಾಗ ತರಗತಿಯಲ್ಲಿ ಪಾಠ ಹೇಳುವವರೂ ಒಬ್ಬರಿರಲಿ ಎಂದು ಯಾರಿಗೋ ಹೊಳೆದು, ಎಂಟು ವರ್ಷದ ಅನುಭವದ ಈ ಶಿಕ್ಷಕಿಗೆ ಕರೆ ಬಂತು. ಉದ್ದನೆಯ ಮೇಜಿನ ತುದಿಯಲ್ಲಿ, ನೀರಿನ ಹೂಜಿಯ ಪಕ್ಕ ಅವರ ಕುರ್ಚಿ. ಮೊದಲ ಮೂರು ಸಭೆಗಳಲ್ಲಿ ಅವರು ಮಾಡಿದ್ದೆಂದರೆ ಕೇಳಿದವರಿಗೆ ನೀರು ಬಗ್ಗಿಸಿ ಕೊಟ್ಟದ್ದು. ನಾಲ್ಕನೆಯ ಸಭೆಯಲ್ಲಿ ಬಾಯಿ ತೆರೆದರು. ತೆರೆದ ಬಾಯಿ ಮುಚ್ಚಲಿಲ್ಲ. ಕಂಡಕ್ಟರ ಮಗಳ ಕತೆಯನ್ನೆಲ್ಲ ಹೇಳಿ, ಅಂಥ ಮಗುವಿನ ಹೆಸರು ಇನ್ನೆಂದೂ ಹೊಡೆಯಬಾರದೆಂದು ವಾದಿಸಿ, ತಮ್ಮ ಕೈಯಾರೆ ಆರನೇ ಉಪನಿಯಮ ಬರೆದರು: ‘ಅನಾರೋಗ್ಯದ ಅಥವಾ ದೇಹಸ್ಥಿತಿಯ ಕಾರಣ ಶಾಲೆಗೆ ಬರಲಾಗದ ಮಗುವಿಗೆ, ಪೋಷಕರ ಒಪ್ಪಿಗೆಯ ಮೇರೆಗೆ, ಶಿಕ್ಷಕರು ಮನೆಗೇ ಹೋಗಿ ಪಾಠ ಹೇಳತಕ್ಕದ್ದು, ಅಂಥ ಮಗುವಿನ ಹಾಜರಾತಿಯನ್ನು ಪೂರ್ಣವೆಂದು ಎಣಿಸತಕ್ಕದ್ದು.’ ಸಮಿತಿ ಒಂದು ಅಕ್ಷರ ಬದಲಿಸದೆ ಒಪ್ಪಿತು.

ಎಲ್ಲಿಯವರೆಗೆ ಎಂದು ಅವರು ಬರೆಯಲಿಲ್ಲ. ಯಾರೂ ಕೇಳಲೂ ಇಲ್ಲ. ಅವರ ಕಣ್ಣ ಮುಂದೆ ಇದ್ದದ್ದು ಒಬ್ಬಳೇ ಹುಡುಗಿ; ಅವಳ ಎಲುಬು ಕೂಡಿಕೊಳ್ಳುತ್ತಿತ್ತು, ಕೂಡಿಕೊಂಡ ಮರುದಿನವೇ ಅವಳು ಅಪ್ಪನ ಹೆಗಲೇರಿ ಬರುತ್ತಿದ್ದಳು. ಮಗು ಶಾಲೆಗೆ ಮರಳಬೇಕು ಎಂಬುದನ್ನೂ ಕಾನೂನಿನಲ್ಲಿ ಬರೆಯಬೇಕಾಗುತ್ತದೆ ಎಂದು ಮಕ್ಕಳಿಗಾಗಿ ಬಾಗಿಲ ಕಡೆ ಕಣ್ಣಿಟ್ಟು ಕೂರುವ ಒಬ್ಬ ಶಿಕ್ಷಕಿಗೆ ಹೇಗೆ ಹೊಳೆದೀತು? ಕಾನೂನು ಓದಿದ ಹದಿನಾರು ಜನ ಅಲ್ಲಿದ್ದರು, ಅವರಿಗೆ ಹೊಳೆಯಬೇಕಿತ್ತು. ಇದನ್ನು ಈ ಲೇಖಕ ಎಷ್ಟು ಸಲ ಹೇಳಿದರೂ ಮೇಡಂ ಒಪ್ಪಿದ್ದಿಲ್ಲ. ‘ಅವರ್ಯಾರೂ ಬರೀಲಿಲ್ಲ ಸಾರ್, ಬರೆದವಳು ನಾನು’ ಎಂದು ಅಲ್ಲಿಗೆ ಮಾತು ಮುಗಿಸುತ್ತಿದ್ದರು.

ಕಾಯ್ದೆ ಜಾರಿಗೆ ಬಂದ ಮೇಲೆ ಅವರನ್ನು ಇಲಾಖೆಗೆ ಸಂಯೋಜಕಿಯಾಗಿ ಕರೆಸಿಕೊಂಡರು. ಟೇಪು ಚೀಲ ಸೇರಿದ್ದು ಆಗಲೇ. ಸೇವೆಯ ಹದಿಮೂರನೆಯ ವರ್ಷದಲ್ಲಿ, ನೂರಾರು ಬಾಗಿಲು ಅಳೆದು ಹುರುಪಿನಲ್ಲಿದ್ದ ಕಾಲದಲ್ಲಿ, ಒಂದು ದೊಡ್ಡ ಶಾಲೆಗೆ ಹೋದರು. ಬಾಗಿಲು ಅಗಲ, ಇಳಿಜಾರು ಹದ, ಶೌಚಾಲಯದಲ್ಲಿ ಹಿಡಿಕೆ ಕೂಡ ಇತ್ತು. ಇಳಿಜಾರಿನ ಮೇಲೆ ಹೂವಿನ ಕುಂಡಗಳನ್ನು ಸಾಲಾಗಿ ಇಟ್ಟಿದ್ದರು. ಗಾಲಿಕುರ್ಚಿಯ ಮಕ್ಕಳು ಎಲ್ಲಿ ಎಂದರೆ ಮುಖ್ಯೋಪಾಧ್ಯಾಯರು ಸಂತೋಷದಿಂದ ಒಂದು ರಿಜಿಸ್ಟರು ತೆಗೆದು ಮುಂದಿಟ್ಟರು.

‘ನಿಮ್ಮ ಆರನೇ ಉಪನಿಯಮದಿಂದ ನಮ್ಗೆ ಬಹಳ ಅನುಕೂಲ ಆಯ್ತು ಮೇಡಂ. ಹನ್ನೊಂದು ಮಕ್ಕಳೂ ಮನೆಪಾಠದ ಗೃಹ ಪಟ್ಟೀಲಿದಾರೆ. ಪೋಷಕರ ಸಹಿ ಇದೆ. ಹಾಜರಾತಿ ನೂರಕ್ಕೆ ನೂರು.’

ಮೇಡಂ ಆ ದಿನ ಚಹಾ ಮುಟ್ಟಲಿಲ್ಲ. ರಿಜಿಸ್ಟರಿನ ಮೊದಲ ವಿಳಾಸ ಹಿಡಿದು ನಡೆದರು. ಅದು ಎರಡು ಬೀದಿಯಾಚೆಯ ಇಸ್ತ್ರಿ ಅಂಗಡಿ. ಮಡಿಸಿಟ್ಟ ಅಂಗಿಗಳ ನಡುವೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಗುಂಡಿಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದಳು. ಗಟ್ಟಿಮುಟ್ಟಾಗಿದ್ದಳು, ಓಡುತ್ತಿದ್ದಳು, ಕುಣಿಯುತ್ತಿದ್ದಳು. ಕಿವಿ ಮಾತ್ರ ಕೇಳದು.

‘ಮೇಷ್ಟ್ರು ಮನೆಗೇ ಬರ್ತಾರೆ ಅಂದ್ರು, ಸಹಿ ಕೇಳಿದ್ರು, ಹಾಕ್ದೆ’ ಎಂದಳು ಇಸ್ತ್ರಿ ಅಂಗಡಿಯಾಕೆ. ‘ಮನೆಗೆ ಮೇಷ್ಟ್ರು ಬರೋದು ದೊಡ್ಡೋರ ಮಕ್ಕಳಿಗಲ್ವಾ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದೆ ಅಕ್ಕಾ. ಒಂದು ದಿನ ಬಂದ್ರು. ಆಮೇಲೆ ಬಂದಿಲ್ಲ. ನೀವೇನಾ ಆ ಮೇಷ್ಟ್ರು?’

ಮೇಡಂ ಅಲ್ಲೇ ಬಟ್ಟೆ ಗಂಟಿನ ಮೇಲೆ ಕೂತುಬಿಟ್ಟರು. ಆ ಹನ್ನೊಂದು ಮನೆಗಳಿಗೂ ಅಂದೇ ಹೋದರು. ಹನ್ನೊಂದರಲ್ಲಿ ನಿಜವಾಗಿ ಹಾಸಿಗೆ ಬಿಟ್ಟು ಏಳಲಾರದ ಮಗು ಒಂದೇ. ಉಳಿದ ಹತ್ತನ್ನು ಹೊರಗೆ ಹಾಕಲು ಹಿಂದಿನ ಕಾಲದಲ್ಲಿ ವೈದ್ಯರ ಅರ್ಧ ಹಾಳೆಯಾದರೂ ಬೇಕಿತ್ತು. ಈಗ ತಾಯಿಯ ಒಂದು ಸಹಿ ಸಾಕಾಗಿತ್ತು. ಹಿಂದೆ ಹೊರಗಿದ್ದ ಮಗುವನ್ನು ಹೊರಗಿದೆ ಎಂದಾದರೂ ಬರೆಯುತ್ತಿದ್ದರು. ಈಗ ಒಳಗಿದೆ ಎಂದು ಬರೆಯುತ್ತಿದ್ದರು. ಇದು ಅವರಿಗೆ ಹನ್ನೊಂದನೆಯ ಮನೆಯ ಮೆಟ್ಟಿಲು ಇಳಿಯುವಾಗ ತಿಳಿಯಿತಂತೆ.

ಮರುವಾರವೇ ಅವರು ತಿದ್ದುಪಡಿಯ ಪ್ರಸ್ತಾವ ಬರೆದರು. ಅಷ್ಟು ಚಿಕ್ಕ ಪ್ರಸ್ತಾವ ನಮ್ಮ ಶಾಖೆಗೆ ಹಿಂದೆಂದೂ ಬಂದಿರಲಿಲ್ಲ, ಸೇರಿಸಬೇಕಾದದ್ದು ಒಂದೇ ಸಾಲು: ‘ಮನೆಯ ಪಾಠ ತೊಂಬತ್ತು ದಿನ ಮೀರತಕ್ಕದ್ದಲ್ಲ, ಮೀರಿದಲ್ಲಿ ಮಗುವನ್ನು ಶಾಲೆಗೆ ಮರಳಿಸುವ ಹೊಣೆ ಶಾಲೆಯದು.’ ಅದು ಎರಡು ವರ್ಷ ಬೇರೆ ಬೇರೆ ಮೇಜುಗಳಲ್ಲಿ ವಿಶ್ರಾಂತಿ ಪಡೆದು, ಹೊಸದಾಗಿ ಕೆಲಸಕ್ಕೆ ಸೇರಿದ್ದ ಈ ಲೇಖಕನ ಮುಂದೆ ಬಂತು. ಮೇಲಿನವರ ಮುಖ ನೋಡಿ ಟಿಪ್ಪಣಿ ಬರೆಯುವ ಕಲೆಯನ್ನು ಆತ ಬೇಗ ಕಲಿತಿದ್ದ. ‘ಪರಿಶೀಲಿಸಲಾಯಿತು. ದಾಖಲಾತಿ ಪ್ರಗತಿ ತೃಪ್ತಿಕರವಾಗಿರುವುದರಿಂದ ಸದ್ಯಕ್ಕೆ ತಿದ್ದುಪಡಿಯ ಅಗತ್ಯ ಕಂಡುಬರುವುದಿಲ್ಲ’ ಎಂದು ಎರಡೇ ವಾಕ್ಯದಲ್ಲಿ ಕೈತೊಳೆದುಕೊಂಡ. ಅಚ್ಚುಕಟ್ಟಾಗಿ ಬರೆದಿದ್ದಾನೆಂದು ಮೇಲಧಿಕಾರಿಗಳು ಬೆನ್ನು ತಟ್ಟಿದರು.

ಮೂರನೆಯ ದಿನ ಮೇಡಂ ಬಂದು ಮೇಜಿನ ಎದುರು ನಿಂತರು. ಬೈಗುಳಕ್ಕೆ ಸಿದ್ಧನಾಗಿ ಎದ್ದು ನಿಂತವನಿಗೆ ಅವರು ಕೇಳಿದ್ದು ಇಷ್ಟೇ: ‘ಸಾರ್, ಇವತ್ತು ಮಧ್ಯಾಹ್ನ ಬಿಡುವಿದ್ಯಾ? ಹತ್ತಿರದಲ್ಲೇ ಒಂದು ಮನೆ ಇದೆ.’ ಹಾಗೆ ಈ ಲೇಖಕ ಇಸ್ತ್ರಿ ಅಂಗಡಿ ಕಂಡ. ಅಷ್ಟರಲ್ಲಿ ಮೇಡಂ ಆ ಹುಡುಗಿಯನ್ನು ಒಮ್ಮೆ ಶಾಲೆಗೆ ಸೇರಿಸಿಯೂ ಆಗಿತ್ತು. ಮುಖ್ಯೋಪಾಧ್ಯಾಯರು ಎರಡು ತಿಂಗಳು ಹಿಂದಿನ ಬೆಂಚಿನಲ್ಲಿ ಕೂರಿಸಿಕೊಂಡು, ತಾಯಿಯ ಹೊಸ ಸಹಿ ಪಡೆದು ಮತ್ತೆ ಪಟ್ಟಿಗೆ ಕಳಿಸಿದ್ದರು. ಹುಡುಗಿ ತನ್ನ ಗುಂಡಿಗಳ ಡಬ್ಬಿಯನ್ನು ಈ ಲೇಖಕನ ಕೈಗಿಟ್ಟು, ನೀನೂ ಜೋಡಿಸು ಎಂದು ಸನ್ನೆ ಮಾಡಿದಳು. ಅರ್ಧ ಗಂಟೆ ಇಬ್ಬರೂ ಗುಂಡಿ ಜೋಡಿಸಿದರು.

ಆಮೇಲೆ ಇವನು ತನ್ನ ಟಿಪ್ಪಣಿಯನ್ನು ಬದಲಿಸಿದನೇ? ಇಲ್ಲ. ಸಹಿಯಾದ ಕಡತವನ್ನು ಕಿರಿಯ ಅಧಿಕಾರಿ ತೆರೆಯುವಂತಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮೂರು ವರ್ಷದ ನಂತರ ಮೇಡಂ ಜತೆ ಅದೇ ಅಂಗಡಿಗೆ ಇನ್ನೊಮ್ಮೆ ಹೋಗುವ ಸಂದರ್ಭ ಬಂತು. ಹದಿನಾಲ್ಕು ತುಂಬಿದ ಕೂಡಲೇ ಗೃಹ ಪಟ್ಟಿಯ ಮಕ್ಕಳ ಹೆಸರಿನ ಮುಂದೆ ‘ಶಿಕ್ಷಣ ಪೂರೈಸಿದೆ’ ಎಂದು ಬರೆದು ಪ್ರಮಾಣಪತ್ರ ಕಳಿಸುವುದು ಪದ್ಧತಿ. ಹುಡುಗಿ ಆಗ ಅಂಗಿಯ ತೋಳಿಗೆ ಇಸ್ತ್ರಿ ಹಾಕುತ್ತಿದ್ದಳು. ತಾಯಿ ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದ್ದಳು. ಅದರಲ್ಲಿ ಏನು ಬರೆದಿದೆ ಎಂದು ಮಗಳಿಗೂ ಓದಲು ಬರುತ್ತಿರಲಿಲ್ಲ, ತಾಯಿಗೂ ಬರುತ್ತಿರಲಿಲ್ಲ. ಓದಿ ಹೇಳಿ ಎಂದಳು ತಾಯಿ. ಮೇಡಂ ಮುಖ ಆಚೆ ತಿರುಗಿಸಿಕೊಂಡರು. ಈ ಲೇಖಕನೇ ಓದಿ ಹೇಳಬೇಕಾಯಿತು.

ಇಷ್ಟರ ಮೇಲೂ ಅವರು ಈತನಿಗೆ ಮಾಡಿದ ಉಪಕಾರವೊಂದಿದೆ. ಅದನ್ನು ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ಈ ಲೇಖಕನ ಮಗಳಿಗೆ ಮಾತು ತಡವಾಗಿ ಬಂತು. ಆರನೆಯ ವರ್ಷದಲ್ಲಿ ಶಾಲೆಯ ಮುಖ್ಯಸ್ಥೆ ಬಹಳ ಗೌರವದಿಂದ ಕುರ್ಚಿ ಕೊಟ್ಟು ಕೂರಿಸಿ, ‘ಗೃಹ ಪಟ್ಟೀಲಿ ಹಾಕೋಣ ಸಾರ್, ನಿಮ್ಗೂ ನೆಮ್ಮದಿ, ಮಗೂಗೂ ನೆಮ್ಮದಿ’ ಎಂದು ಹಾಳೆ ಮುಂದೆ ತಳ್ಳಿದರು. ಲೇಖನಿ ಕೈಯಲ್ಲಿ ಹಿಡಿದದ್ದೂ ಆಗಿತ್ತು. ಯಾಕೋ ಎದ್ದು ಬಂದು ಮೇಡಂಗೆ ಫೋನು ಮಾಡಿದ. ಮರುದಿನ ಅವರು ಟೇಪು ಹಿಡಿದು ಆ ಶಾಲೆಗೆ ಹೋಗಿ, ಅಳೆಯಲು ಏನೂ ಇಲ್ಲದಿದ್ದರೂ ಎಲ್ಲ ಬಾಗಿಲು ಅಳೆದು, ಮುಖ್ಯಸ್ಥೆಯ ಕೋಣೆಯಲ್ಲಿ ಸಂಜೆಯ ಗಂಟೆ ಹೊಡೆಯುವವರೆಗೂ ಕೂತರು. ಆಗಲಿ ಎನ್ನಿಸಿಕೊಂಡೇ ಎದ್ದರು. ಮಗಳು ಅದೇ ಶಾಲೆಯಲ್ಲಿ ಓದಿದಳು, ಇಂದು ಎದುರುತ್ತರ ಕೊಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ತಮ್ಮ ಪ್ರಸ್ತಾವವನ್ನು ತಳ್ಳಿಹಾಕಿದ್ದವನ ಮಗಳು ಅವಳು ಎಂದು ಮೇಡಂ ಅಂದೂ ಆಡಲಿಲ್ಲ, ಇಂದಿನವರೆಗೂ ಆಡಿಲ್ಲ. ಆಡಿದ್ದರೆ ಇವನಿಗೆ ಎಷ್ಟೋ ಹಗುರವಾಗುತ್ತಿತ್ತು. ಟೇಪು ಮೇಡಂ ಅವರ ಫೋನು ನಂಬರು ಗೊತ್ತಿದ್ದ ತಂದೆಯ ಮಗಳು ಶಾಲೆಯಲ್ಲಿ ಉಳಿದಳು. ಗೊತ್ತಿಲ್ಲದವರ ಮಕ್ಕಳು ಪಟ್ಟಿಗೆ ಹೋದರು.

ಒಂದೊಂದೇ ಮಗುವನ್ನು ಕೈಹಿಡಿದು ಮರಳಿ ತರುವುದು ಅವರ ಕೆಲಸದ ರೀತಿಯಾಯಿತು. ಮೊದಲು ಮನೆಗೆ ಹೋಗಿ ತಾಯಿಯ ಜತೆ ಕೂರುವುದು, ಸಹಿಯನ್ನು ವಾಪಸು ಪಡೆಯುವ ಕಾಗದ ಬರೆಸುವುದು, ಆಮೇಲೆ ಶಾಲೆಗೆ ಹೋಗಿ ಯಾವ ಬೆಂಚು, ಯಾವ ಕಿಟಕಿ, ಪಕ್ಕದಲ್ಲಿ ಯಾವ ಮಗು ಎಂಬವರೆಗೂ ನಿಗದಿ ಮಾಡುವುದು, ಮೊದಲ ಒಂದು ವಾರ ತರಗತಿಯ ಹಿಂದೆ ತಾವೇ ಕೂರುವುದು. ಹೀಗೆ ಅವರು ಇಪ್ಪತ್ತೈದು ವರ್ಷದಲ್ಲಿ ಮರಳಿ ತಂದ ಮಕ್ಕಳು ಅರವತ್ತೊಂದು. ಅವರಲ್ಲಿ ಶಾಲೆಯಲ್ಲೇ ಉಳಿದು ಓದು ಮುಗಿಸಿದವರು ಹತ್ತೊಂಬತ್ತು. ಅದೇ ಅವಧಿಯಲ್ಲಿ ಗೃಹ ಪಟ್ಟಿ ಮುನ್ನೂರು ಹೆಸರಿನಿಂದ ನಾಲ್ಕು ಸಾವಿರಕ್ಕೆ ಬೆಳೆಯಿತು. ದಾಖಲಾತಿ ನೂರಕ್ಕೆ ನೂರು ಮುಟ್ಟಿದ ವರ್ಷ ಹೊರದೇಶಗಳಿಂದ ಅಧಿಕಾರಿಗಳು ಬಂದು ನಮ್ಮ ಆರನೇ ಉಪನಿಯಮವನ್ನು ನಕಲು ಮಾಡಿಕೊಂಡು ಹೋದರು. ಅವರಿಗೆ ಅದನ್ನು ವಿವರಿಸುವ ಕೆಲಸವನ್ನು ಬರೆದವರಿಗೇ ವಹಿಸಲಾಗಿತ್ತು. ಮೇಡಂ ವಿವರಿಸಿ, ಕೊನೆಗೆ ‘ದಯವಿಟ್ಟು ತೊಂಬತ್ತು ದಿನ ಅಂತ ಸೇರಿಸ್ಕೊಳಿ’ ಎಂದು ಕೈಮುಗಿದು ಕೇಳಿಕೊಂಡರು. ಅತಿಥಿಗಳು ಅದನ್ನು ವಿನಯವೆಂದು ತಿಳಿದು ನಕ್ಕರು.

ಪ್ರಸ್ತಾವವನ್ನು ಅವರು ಆರು ಸಲ ಕಳಿಸಿದರು. ಕಾರ್ಯದರ್ಶಿಗಳು ಬದಲಾದರು, ಕಡತ ದಪ್ಪವಾಯಿತು, ಉತ್ತರ ಬದಲಾಗಲಿಲ್ಲ. ನಿವೃತ್ತಿಗೆ ಒಂದು ವರ್ಷವಿರುವಾಗ ಕಾಯ್ದೆಯ ಪರಿಷ್ಕರಣೆಗೆಂದು ಹೊಸ ಸಮಿತಿ ಕೂತಿತು. ಇದು ಕೊನೆಯ ಅವಕಾಶವೆಂದು ಎಲ್ಲರಿಗೂ ಗೊತ್ತಿತ್ತು. ನಿವೃತ್ತ ನ್ಯಾಯಾಧೀಶರೊಬ್ಬರು ಅಧ್ಯಕ್ಷರು. ನಡಾವಳಿ ಬರೆಯುವ ಕೆಲಸ ಈ ಲೇಖಕನದು. ಮೇಡಂ ಎದ್ದು ನಿಂತು, ಯಾವ ಸುತ್ತುಬಳಸೂ ಇಲ್ಲದೆ, ‘ಇದು ನಾನು ಮಾಡಿದ ತಪ್ಪು. ತಿದ್ದಿಕೊಡಿ’ ಎಂದರು. ತಪ್ಪು ಎಂದು ಯಾರಾದರೂ ಹೇಳುವ ಮೊದಲೇ ಒಪ್ಪಿಕೊಂಡ ಅಧಿಕಾರಿಯನ್ನು ನಮ್ಮ ಇಲಾಖೆ ಅದುವರೆಗೆ ಕಂಡಿರಲಿಲ್ಲ. ಅಧ್ಯಕ್ಷರಿಗೆ ಮುಜುಗರವಾಯಿತು. ಉಪನಿಯಮದಿಂದ ಪ್ರಯೋಜನ ಪಡೆದವರೊಬ್ಬರ ಮಾತನ್ನೂ ಕೇಳೋಣ ಎಂದರು.

ಅದಕ್ಕಾಗಿ ಬಂದವರು ಕಂಡಕ್ಟರ ಮಗಳು. ನಲವತ್ತು ವರ್ಷದ ಆಕೆ ಈಗ ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುತ್ತಾರೆ. ಗಾಲಿಕುರ್ಚಿಯಲ್ಲಿ ಕೂತು, ಹಳೆಯ ಟೀಚರನ್ನು ನೋಡಿದ ಕೂಡಲೇ ಮುಖ ಅರಳಿಸಿ, ನೇರವಾಗಿ ಹೇಳಿದರು: ‘ಈ ನಿಯಮ ಇಲ್ದಿದ್ರೆ ನಾನು ಓದ್ತಾನೇ ಇರ್ಲಿಲ್ಲ ಸಾರ್. ಆದ್ರೆ ನನ್ನನ್ನ ಪ್ರತಿ ಸಲ ಸ್ಕೂಲಿಗೆ ವಾಪಸ್ ಕರ್ಕೊಂಡು ಹೋಗ್ತಿದ್ರು. ಮಂಚದ ಮೇಲೆ ಮಲ್ಕೊಂಡು ನಾನು ಲೆಕ್ಕ ಕಲ್ತಿರ್ಬೋದು, ಜಗಳ ಆಡೋದು, ಗೆಳತೀರನ್ನ ಮಾಡ್ಕೊಳೋದು ಅಲ್ಲಿ ಕಲೀಲಿಲ್ಲ. ವಾಪಸ್ ಕರ್ಕೊಂಡು ಹೋಗೋರು ಇಲ್ದಿದ್ರೆ ನಾನು ಈಗ್ಲೂ ಅದೇ ಮಂಚದ ಮೇಲೇ ಇರ್ತಿದ್ದೆ.’

ನಡಾವಳಿಯಲ್ಲಿ ಈ ಲೇಖಕ ಅಷ್ಟನ್ನೂ ಬರೆದಿದ್ದ. ಅಧ್ಯಕ್ಷರ ಕೈಯಿಂದ ತಿರುಗಿ ಬಂದ ಪ್ರತಿಯಲ್ಲಿ ಮೊದಲ ವಾಕ್ಯವೊಂದೇ ಉಳಿದಿತ್ತು. ಉಳಿದದ್ದೆಲ್ಲ ವಿಷಯಾಂತರ ಎಂದು ಅಂಚಿನಲ್ಲಿ ಬರೆದಿತ್ತು. ಇವನು ಒಂದು ದಿನ ಆ ಪ್ರತಿಯನ್ನು ಮೇಜಿನೊಳಗೆ ಇಟ್ಟುಕೊಂಡು ಒದ್ದಾಡಿದ. ಎರಡನೆಯ ದಿನ ಶುದ್ಧ ಪ್ರತಿ ಮಾಡಿಸಿ ಕಳಿಸಿದ. ‘ಫಲಾನುಭವಿಯ ಕೃತಜ್ಞತೆಯ ಹಿನ್ನೆಲೆಯಲ್ಲಿ’ ಆರನೇ ಉಪನಿಯಮವನ್ನು ಯಥಾವತ್ತಾಗಿ ಉಳಿಸಿಕೊಳ್ಳಲಾಯಿತು. ಕಂಡಕ್ಟರ ಮಗಳು ಈ ಸುದ್ದಿ ಕೇಳಿ ಟೀಚರ ಮನೆಗೆ ಬಂದು ಗಂಟೆಗಟ್ಟಲೆ ಅತ್ತರಂತೆ. ಮೇಡಂ ಅವರೇ ಸಮಾಧಾನ ಮಾಡಬೇಕಾಯಿತು.

ಬೀಳ್ಕೊಡುಗೆಯ ದಿನ ಭಾಷಣಗಳೆಲ್ಲ ಆರನೇ ಉಪನಿಯಮದ ಸುತ್ತಲೇ ಸುತ್ತಿದವು. ತಮ್ಮ ಸರದಿ ಬಂದಾಗ ಮೇಡಂ, ‘ನಾನು ಬಂದಾಗ ಈ ಮಕ್ಕಳು ಎಲ್ಲಿದ್ರೋ ಅಲ್ಲೇ ಇದಾರೆ. ನಾನು ಮಾಡಿದ್ದು ಅವರ ಹೆಸರನ್ನ ಒಂದು ಪುಸ್ತಕದಿಂದ ಇನ್ನೊಂದಕ್ಕೆ ಬರೆಸಿದ್ದು’ ಎಂದು ಹೇಳಿ ಕೂತರು. ಚಪ್ಪಾಳೆ ಬಿತ್ತು. ಯಾರು ಯಾವುದಕ್ಕೆ ಚಪ್ಪಾಳೆ ತಟ್ಟಿದರೋ ತಿಳಿಯದು.

ಈಗಿನ ಸಂಗತಿಯನ್ನು ಹೇಳಿ ಮುಗಿಸಬೇಕು. ಮೇಡಂ ಅವರ ಮನೆಯ ಹಿಂದಿನ ಬೀದಿಯಲ್ಲಿ, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದ ದಂಪತಿಗಳ ಮಗಳೊಬ್ಬಳಿದ್ದಾಳೆ. ಎಂಟು ವರ್ಷ. ಅವಳಿಗೆ ಆಗಾಗ ಫಿಟ್ಸ್ ಬರುತ್ತದೆ; ಜವಾಬ್ದಾರಿ ನಮ್ಮಿಂದಾಗದು ಎಂದು ಶಾಲೆಯವರು ಅವಳನ್ನು ಗೃಹ ಪಟ್ಟಿಗೆ ಹಾಕಿದ್ದಾರೆ. ಮರಳಿ ಸೇರಿಸಲು ಮೇಡಂ ಎರಡು ಸಲ ಹೋದರು. ಈಗ ಅವರ ಬಳಿ ಹುದ್ದೆಯಿಲ್ಲ. ಸಂದರ್ಶಕರ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂರಿಸಿ, ಸಾಹೇಬರು ಸಭೆಯಲ್ಲಿದ್ದಾರೆ ಎಂದು ಕಳಿಸಿದರು. ಶಾಲೆಯಿಂದ ಪಾಠಕ್ಕೆ ಯಾರೂ ಬರುವುದಿಲ್ಲವಾದ್ದರಿಂದ ಮೇಡಂ ತಾವೇ ವಾರಕ್ಕೆ ಮೂರು ದಿನ ಆ ಮನೆಗೆ ಹೋಗಿ ಪಾಠ ಹೇಳುತ್ತಿದ್ದಾರೆ. ಇದು ಹೇಗೋ ಮುಖ್ಯೋಪಾಧ್ಯಾಯರಿಗೆ ಗೊತ್ತಾಗಿ, ರಿಜಿಸ್ಟರಿನಲ್ಲಿ ‘ಗೌರವ ಶಿಕ್ಷಕಿಯಿಂದ ನಿಯಮಿತ ಗೃಹ ಬೋಧನೆ’ ಎಂದು ಬರೆದುಕೊಂಡಿದ್ದಾರೆ. ಕಳೆದ ತಪಾಸಣೆಯಲ್ಲಿ ಆ ಒಂದು ನಮೂದಿಗೆ ಶಾಲೆಗೆ ಮೆಚ್ಚುಗೆಯ ಪತ್ರ ಬಂದಿದೆ. ಆರನೇ ಉಪನಿಯಮ ಸರಿಯಾಗಿ ನಡೆಯುತ್ತಿದೆ ಎಂಬುದಕ್ಕೆ ನಮ್ಮ ಇಲಾಖೆಯ ಹತ್ತಿರ ಈಗ ಒಂದು ನಿಜವಾದ ಪುರಾವೆಯಿದೆ.

ಆ ಪತ್ರದ ಪ್ರತಿಯನ್ನು ಈ ಲೇಖಕನೇ ಒಯ್ದು ತೋರಿಸಿದ. ಮೇಡಂ ಓದಿ, ಮಡಿಸಿ, ಮೊಣಕಾಲ ಮೇಲಿಟ್ಟುಕೊಂಡರು.

‘ಹಾಗಾದ್ರೆ ನಾನು ಹೋಗೋದು ನಿಲ್ಲಿಸ್ಲಾ ಸಾರ್? ನಿಲ್ಲಿಸಿದ್ರೆ ಅವಳಿಗೆ ಯಾರೂ ಇಲ್ಲ. ಹೋದ್ರೆ ನಿಯಮ ಸರಿಯಾಗೇ ನಡೀತಿದೆ ಅಂತಾರೆ, ಉಳಿದೋರಿಗೆ ಯಾರೂ ಇರಲ್ಲ. ನೀವು ಕಾನೂನು ಓದಿದೋರು, ಹೇಳಿ.’

ಪಾಠದ ಹೊತ್ತಾಗಿತ್ತು; ಇಬ್ಬರೂ ಹಿಂದಿನ ಬೀದಿಗೆ ನಡೆದರು. ಬಾಗಿಲಲ್ಲೇ ಹುಡುಗಿ ಸಮವಸ್ತ್ರ ತೊಟ್ಟು, ಚೀಲ ಬೆನ್ನಿಗೇರಿಸಿ, ಬೂಟಿನ ಲೇಸು ಬಿಗಿದು ಕೂತಿದ್ದಳು. ‘ಇವತ್ತು ಹೋಗೋಣ್ವಾ ಮಿಸ್?’ ಎಂದಳು. ವಾರಕ್ಕೆ ಮೂರು ದಿನವೂ ಹಾಗೇ ಕೂತಿರುತ್ತಾಳೆ, ಕರೆದುಕೊಂಡು ಹೋಗಲೆಂದೇ ಮಿಸ್ ಬರುತ್ತಾರೆಂದು ನಂಬಿದ್ದಾಳೆ ಎಂದು ಅವಳ ಅಜ್ಜಿ ಹೇಳಿದರು. ಮೇಡಂ ನೆಲದ ಮೇಲೆ ಕೂತು, ಒಂದೊಂದಾಗಿ ಅವಳ ಬೂಟು ಬಿಚ್ಚಿದರು. ಅದಾದ ಮೇಲೆಯೇ ಪುಸ್ತಕ ತೆರೆದದ್ದು.

ಇಂಥ ಗ್ರಂಥದ ಲೇಖನವನ್ನು ದೀರ್ಘಾಯುಷ್ಯದ ಹಾರೈಕೆಯಿಂದ ಮುಗಿಸಬೇಕು. ಟೇಪು ಮೇಡಂ ನೂರು ವರ್ಷ ಗಟ್ಟಿಯಾಗಿ ಬಾಳಲಿ. ಕಡತಗಳು ನಡೆಯುವ ವೇಗ ಬಲ್ಲ ಈ ಲೇಖಕ ಅದಕ್ಕಿಂತ ಕಡಿಮೆ ಕೇಳಲಾರ. ಅವರ ಸೇವೆ ಹೀಗೇ ಮುಂದುವರಿಯಲಿ ಎಂದೂ ಬರೆಯಬೇಕು, ಆ ಮನೆಯ ಬಾಗಿಲನ್ನು ನೋಡಿ ಬಂದ ಮೇಲೆ ಅದನ್ನು ಬರೆಯಲು ಕೈ ಏಳುತ್ತಿಲ್ಲ.